ಕೊನೆಯ ನಿಲ್ದಾಣದಾಚೆ ಹೋದ ಹಳಿ

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ ಓಡುವ ಕೆಂಪು ಟ್ರಾಲಿಯ ಬ್ಲೂ ಲೈನ್ ದಕ್ಷಿಣಕ್ಕೆ ಸಾಗಿ ಸ್ಯಾನ್ ಇಸಿಡ್ರೊ ನಿಲ್ದಾಣದಲ್ಲಿ ಮುಗಿಯುತ್ತದೆ. ಒಂದು ಬದಿಗೆ ಟ್ರಾಲಿ, ಇನ್ನೊಂದು ಬದಿಗೆ ಬಸ್ಸುಗಳು. ಅಲ್ಲಿಂದ ಕೆಲವೇ ಹೆಜ್ಜೆ ನಡೆದರೆ ಮೆಕ್ಸಿಕೋ. ನಾನು ಅಲ್ಲಿ ಮೊದಲ ಸಲ ಇಳಿದದ್ದು ಬೆಳಗಿನ ಹೊತ್ತಿನಲ್ಲಿ. ನನ್ನ ಜೊತೆ ಇಳಿದವರು ಬೆರಳೆಣಿಕೆಯ ಮಂದಿ. ಎದುರಿನಿಂದ ಬರುತ್ತಿದ್ದವರಿಗೆ ಮಾತ್ರ ಲೆಕ್ಕವಿರಲಿಲ್ಲ. ಗಡಿ ದಾಟಿ ಬಂದವರು, ಊಟದ ಚೀಲ ಹಿಡಿದವರು, ಶಾಲೆಯ ಮಕ್ಕಳು, ಎಲ್ಲರೂ ನಿಂತ ಟ್ರಾಲಿಯತ್ತ ಓಡುತ್ತಿದ್ದರು. ದಿನಕ್ಕೆ ಸುಮಾರು 20,000 ಜನ ಇಲ್ಲಿ ಕಾಲ್ನಡಿಗೆಯಲ್ಲೇ ಮೆಕ್ಸಿಕೋದಿಂದ ಅಮೆರಿಕದೊಳಗೆ ಬರುತ್ತಾರೆ.

ನಿಲ್ದಾಣಕ್ಕಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಹಳಿ. ನಕ್ಷೆಯಲ್ಲಿ ನೋಡಿದರೆ ಟ್ರಾಲಿ ನಿಲ್ಲುತ್ತದೆ, ಹಳಿ ನಿಲ್ಲುವುದಿಲ್ಲ. ಗಡಿಗೋಡೆಯಲ್ಲಿ ಒಂದು ಗೇಟು ಇದೆ. ಹಳಿ ಅದರೊಳಗೆ ನುಗ್ಗಿ ತಿಹುವಾನಾ ನಗರ ಸೇರುತ್ತದೆ. ಕೊನೆಯ ನಿಲ್ದಾಣ ಎಂದು ಬರೆದಿರುವುದು ಜನರಿಗೆ ಮಾತ್ರ.

ಮೊದಲು ಇಲ್ಲಿ ಗೆರೆಯೇ ಇರಲಿಲ್ಲ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಸೋತ ಮೆಕ್ಸಿಕೋ ಕ್ಯಾಲಿಫೋರ್ನಿಯಾವನ್ನು ಬಿಟ್ಟುಕೊಟ್ಟಿತು. ಸ್ಯಾನ್ ಡಿಯಾಗೊ ಬಂದರಿನ ದಕ್ಷಿಣದ ತುದಿಯಿಂದ ಒಂದು ಸಾಗರ ಲೀಗ್ ಕೆಳಗೆ ಗಡಿ ಎಂದು ತೀರ್ಮಾನವಾಯಿತು. ಅದಕ್ಕೆ ಆಧಾರವಾಗಿ ಹಿಡಿದದ್ದು 1782ರಲ್ಲಿ ಸ್ಪೇನಿನ ನಾವಿಕನೊಬ್ಬ ಬರೆದ ಬಂದರಿನ ನಕ್ಷೆಯನ್ನು. ಅಮೆರಿಕಕ್ಕೆ ಬೇಕಿದ್ದದ್ದು ಬಂದರು. ಗೆರೆಯ ಎರಡೂ ಬದಿಯ ಕಣಿವೆ ಒಂದೇ ನದಿಯದ್ದು ಎಂಬುದು ಯಾರ ತಲೆನೋವೂ ಆಗಿರಲಿಲ್ಲ.

ನದಿ ಮಾತ್ರ ಅದನ್ನು ಮರೆಯಲಿಲ್ಲ. 1909ರಲ್ಲಿ ವಿಲಿಯಂ ಸ್ಮೈಥ್ ಎಂಬಾತ, ಒಂದೆರಡು ಎಕರೆ ಇದ್ದರೂ ಕುಟುಂಬವೊಂದು ಬದುಕಬಹುದು ಎಂದು ನಂಬಿ ಈ ಕಣಿವೆಯಲ್ಲಿ 'ಲಿಟಲ್ ಲ್ಯಾಂಡರ್ಸ್' ಎಂಬ ಸಣ್ಣ ರೈತರ ವಸಾಹತು ಕಟ್ಟಿದ. ರೈತರ ಪೋಷಕ ಸಂತ ಇಸಿಡೋರನ ಹೆಸರು ಆ ಊರಿಗೆ ಉಳಿದುಕೊಂಡದ್ದು ಚೆನ್ನಾಗಿಯೇ ಇದೆ. 1915ರ ಡಿಸೆಂಬರಿನಲ್ಲಿ ಬರದಿಂದ ಬೇಸತ್ತಿದ್ದ ಸ್ಯಾನ್ ಡಿಯಾಗೊ ನಗರಸಭೆ ಚಾರ್ಲ್ಸ್ ಹ್ಯಾಟ್‌ಫೀಲ್ಡ್ ಎಂಬ ಮಳೆ ತರಿಸುವವನನ್ನು ಕರೆಸಿತು. ಮೊರೇನಾ ಜಲಾಶಯ ತುಂಬಿಸಿದರೆ 10,000 ಡಾಲರ್ ಎಂಬುದು ಮಾತು. ಮಳೆ ಬಂತು, ನಿಲ್ಲಲೇ ಇಲ್ಲ. ಲೋವರ್ ಓಟೇ ಅಣೆಕಟ್ಟು ಒಡೆಯಿತು, ತಿಹುವಾನಾ ನದಿ ಉಕ್ಕಿ ಸಣ್ಣ ರೈತರ ಮನೆ ಹೊಲಗಳನ್ನು ಕೊಚ್ಚಿಕೊಂಡು ಹೋಯಿತು. ಮಳೆ ನಿನ್ನದೇ ಎನ್ನುವುದಾದರೆ ಹಾನಿಯೂ ನಿನ್ನದೇ ಎಂದು ನಗರಸಭೆ ಹಣ ಕೊಡಲು ನಿರಾಕರಿಸಿತು. ಕಪ್ಪೆಗೆ ಮದುವೆ ಮಾಡಿಸುವ ನಮಗೆ ಈ ಕತೆ ಕೇಳಿ ನಗುವ ಅಧಿಕಾರವಿಲ್ಲ.

ಹಳಿಯ ಕತೆಯೂ ಇದೇ ಕಾಲದ್ದು. ಸಕ್ಕರೆ ದೊರೆಯ ಮಗ ಜಾನ್ ಡಿ. ಸ್ಪ್ರೆಕಲ್ಸ್ ಸ್ಯಾನ್ ಡಿಯಾಗೊದ ಪತ್ರಿಕೆ, ಹೋಟೆಲು, ಬೀದಿ ಟ್ರಾಮುಗಳ ಒಡೆಯ. ತನ್ನ ಊರಿನಿಂದ ಪೂರ್ವಕ್ಕೆ ನೇರ ರೈಲು ಬೇಕೆಂದು 1906ರಲ್ಲಿ ಕಂಪನಿ ತೆರೆದ. ನಡುವೆ ಬೆಟ್ಟಗಳು. ಸುಲಭದ ಏರು ಹುಡುಕುತ್ತ ಹಳಿ ಗಡಿ ದಾಟಿತು. ಒಟ್ಟು ಸುಮಾರು 238 ಕಿಲೋಮೀಟರಿನಲ್ಲಿ 71 ಕಿಲೋಮೀಟರ್ ಮೆಕ್ಸಿಕೋದಲ್ಲಿ, ತಿಹುವಾನಾದಿಂದ ತೆಕಾತೆಯವರೆಗೆ. ಕೆಲಸ ನಡೆಯುತ್ತಿರುವಾಗಲೇ ಮೆಕ್ಸಿಕೋದಲ್ಲಿ ಕ್ರಾಂತಿ. 1911ರಲ್ಲಿ ಬಂಡುಕೋರರು ತಿಹುವಾನಾವನ್ನೇ ಹಿಡಿದರು. ಆಗದ ರೈಲು ಎಂದು ಹೆಸರು ಪಡೆದ ಈ ದಾರಿಗೆ ಸ್ಪ್ರೆಕಲ್ಸ್ ಚಿನ್ನದ ಮೊಳೆ ಹೊಡೆದದ್ದು 1919ರ ನವೆಂಬರ್ 15ರಂದು. ಸ್ವಲ್ಪ ದಿನಗಳಲ್ಲೇ ಅಮೆರಿಕದಲ್ಲಿ ಮದ್ಯನಿಷೇಧ ಬಂತು. ಬಾಯಾರಿದ ಅಮೆರಿಕನ್ನರು ತಿಹುವಾನಾಕ್ಕೆ ಹರಿದರು. ಆಗ ಗಡಿಯ ನೂಕುನುಗ್ಗಲು ಉತ್ತರದಿಂದ ದಕ್ಷಿಣಕ್ಕೆ.

ನಾನು ಈ ರೈಲಿನ ಬೆನ್ನು ಬಿದ್ದದ್ದು ಬೇರೆಯೇ ಕಾರಣಕ್ಕೆ. ಇದರ ಪೂರ್ವದ ತುದಿ ಇಂಪೀರಿಯಲ್ ಕಣಿವೆ. ಅಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ರೈತರ ಬಗ್ಗೆ ನಾನು ಓದುತ್ತಿದ್ದೆ. 1917ರ ಕಾಯ್ದೆ ಭಾರತೀಯರ ವಲಸೆಗೆ ಬಾಗಿಲು ಮುಚ್ಚಿತು. ಊರಿನಿಂದ ಹೆಂಡತಿಯನ್ನು ಕರೆತರುವಂತಿಲ್ಲ. ಬಿಳಿಯ ಹೆಣ್ಣನ್ನು ಮದುವೆಯಾಗಲು ರಾಜ್ಯದ ಕಾನೂನು ಬಿಡುತ್ತಿರಲಿಲ್ಲ. ಅನೇಕರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಸ್ಪ್ಯಾನಿಷ್ ಹೆಸರಿನ ಹಿಂದೆ ಸಿಂಗ್ ಅಂಟಿಸಿಕೊಂಡ ಮಕ್ಕಳು ಚರ್ಚಿಗೆ ಹೋದರು. ಕಾಯ್ದೆ ಬಂದ ಮೇಲೂ ಕೆಲವರು ಮೆಕ್ಸಿಕೋಕ್ಕೆ ಹಡಗು ಹತ್ತಿ, ಅಲ್ಲಿಂದ ಕದ್ದು ಈ ಗಡಿ ದಾಟಿದರು. ಇಂದು ಅಕ್ರಮ ವಲಸಿಗ ಎಂಬ ಮಾತು ಕೇಳಿದಾಗ ನನ್ನ ಕಣ್ಣ ಮುಂದೆ ಬರುವುದು ಪೇಟ ಬಿಚ್ಚಿಟ್ಟು, ಮೆಕ್ಸಿಕನ್ನನಂತೆ ಕಾಣಲು ಹೆಣಗಿದವನೊಬ್ಬನ ಚಿತ್ರ. ಅದು ನನ್ನ ಊಹೆಯ ಚಿತ್ರ, ದಾಖಲೆಯದ್ದಲ್ಲ.

ಕಾರುಗಳು ಬಂದವು. 1949ರಲ್ಲಿ ನಗರದ ಬೀದಿ ಟ್ರಾಮು ನಿಂತಿತು, 1951ರ ಜನವರಿಯಲ್ಲಿ ಈ ರೈಲಿನ ಪ್ರಯಾಣಿಕರ ಸೇವೆಯೂ ನಿಂತಿತು. 1970ರಲ್ಲಿ ಮೆಕ್ಸಿಕೋದೊಳಗಿನ ಭಾಗ ಆ ದೇಶದ ಸರ್ಕಾರಕ್ಕೆ ಹೋಯಿತು. ಉಳಿದದ್ದನ್ನು ಮತ್ತೆ ಮಳೆಯೇ ತೀರ್ಮಾನಿಸಿತು. 1976ರ ಸೆಪ್ಟೆಂಬರಿನಲ್ಲಿ ಕ್ಯಾಥ್ಲೀನ್ ಚಂಡಮಾರುತ ಮರುಭೂಮಿಯ ಕಡೆಯ ಸೇತುವೆ, ಹಳಿಗಳನ್ನು ಕಿತ್ತುಹಾಕಿತು. ಒಡೆಯನಾದ ಸದರ್ನ್ ಪೆಸಿಫಿಕ್ ಕಂಪನಿ ದಾರಿಯನ್ನೇ ಕೈಬಿಡುತ್ತೇನೆ ಎಂದಿತು, ಸರ್ಕಾರ ಒಪ್ಪಲಿಲ್ಲ. ಆ ಹೊತ್ತಿಗೆ ಸ್ಯಾನ್ ಡಿಯಾಗೊದಲ್ಲಿ ಹೊಸ ಸಾರಿಗೆ ಮಂಡಳಿಯೊಂದು ಹುಟ್ಟಿತ್ತು. ಅದಕ್ಕೆ ಕಾನೂನು ಬರೆದ ಸೆನೆಟರ್ ಜೇಮ್ಸ್ ಮಿಲ್ಸ್ ರಾಜಕೀಯಕ್ಕೆ ಬರುವ ಮೊದಲು ಅದೇ ಊರಿನ ಇತಿಹಾಸ ಮ್ಯೂಸಿಯಮ್ಮಿನ ಕ್ಯುರೇಟರ್ ಆಗಿದ್ದವರು. (ಇತಿಹಾಸ ಓದಿ ಏನು ಮಾಡುತ್ತೀ ಎಂದು ಕೇಳುವ ನೆಂಟರಿಗೆ ಈಗ ನನ್ನ ಬಳಿ ಒಂದು ಉತ್ತರವಿದೆ.) 1979ರಲ್ಲಿ ಮಂಡಳಿ ಹಳೆಯ ದಾರಿಯನ್ನು 1.81 ಕೋಟಿ ಡಾಲರಿಗೆ ಕೊಂಡಿತು. ಕೇಂದ್ರದ ಹಣಕ್ಕೆ ಕಾಯದೆ, ಜರ್ಮನಿಯಲ್ಲಿ ತಯಾರಾದ 14 ಗಾಡಿಗಳನ್ನು ತರಿಸಿ, 1981ರ ಜುಲೈನಲ್ಲಿ ಟ್ರಾಲಿ ಓಡಿಸಿಯೇಬಿಟ್ಟಿತು. ಆಮೇಲೆ ಅಮೆರಿಕದ ಹಲವು ನಗರಗಳು ಲಘು ರೈಲಿನತ್ತ ತಿರುಗಿದವು.

ಜನ ಅದನ್ನು ತಿಹುವಾನಾ ಟ್ರಾಲಿ ಎಂದೇ ಕರೆದರು. ಆದರೆ ಅದು ತಿಹುವಾನಾಕ್ಕೆ ಹೋಗಲಿಲ್ಲ. ಅದೇ ಹಳಿಯ ಮೇಲೆ, ಕೊನೆಯ ಟ್ರಾಲಿ ಮುಗಿದ ಮೇಲೆ ನಡುರಾತ್ರಿಯಲ್ಲಿ ಗೂಡ್ಸ್ ರೈಲು ಬರುತ್ತದೆ. ಗಡಿಗೋಡೆಯ ಗೇಟು ತೆರೆಯುತ್ತದೆ, ಸರಕು ದಾಟುತ್ತದೆ. ಹಗಲು ಜನ, ರಾತ್ರಿ ಸರಕು ಎಂದು ಹೊತ್ತು ಹಂಚಿಕೊಟ್ಟದ್ದು ಸುರಕ್ಷತೆಗಾಗಿ, ಒಂದೇ ಹಳಿಯಲ್ಲಿ ಎರಡೂ ಡಿಕ್ಕಿಯಾಗದಿರಲಿ ಎಂದು. ಅದರಲ್ಲಿ ಯಾವ ಸಂಚೂ ಇಲ್ಲ. ಆದರೂ ಪಾಸ್‌ಪೋರ್ಟ್ ಇಲ್ಲದ ಗೋಧಿಗೆ ಇರುವ ದಾರಿ ನೋಡಿದಾಗ ನನಗೆ ಸುಮ್ಮನಿರಲಾಗಲಿಲ್ಲ.

ನಿಲ್ದಾಣದ ಪಕ್ಕದಲ್ಲೇ ಹೆದ್ದಾರಿ. 1990ರ ಸುಮಾರಿಗೆ ಅಲ್ಲೊಂದು ಹಳದಿ ಫಲಕ ನಿಂತಿತು: ಓಡುತ್ತಿರುವ ಗಂಡಸು, ಹೆಂಗಸು, ಅವಳ ಕೈ ಹಿಡಿದು ಜಗ್ಗಿಸಿಕೊಂಡು ಬರುವ ಹುಡುಗಿ. ಗಡಿ ನುಸುಳಿದವರು ಹೆದ್ದಾರಿ ದಾಟುವಾಗ ಕಾರುಗಳಿಗೆ ಸಿಕ್ಕಿ ಸಾಯುತ್ತಿದ್ದರು, ಅದಕ್ಕೆ ಚಾಲಕರಿಗೆ ಎಚ್ಚರಿಕೆ. ಚಿತ್ರ ಬರೆದ ಜಾನ್ ಹುಡ್ ನವಾಹೊ ಬುಡಕಟ್ಟಿನವರು, ವಿಯೆಟ್ನಾಂ ಯುದ್ಧದಲ್ಲಿ ಇದ್ದು ಬಂದವರು. 1994ರ ಅಕ್ಟೋಬರಿನಲ್ಲಿ ಆಪರೇಷನ್ ಗೇಟ್‌ಕೀಪರ್ ಶುರುವಾಗಿ ಇಲ್ಲಿನ ಬೇಲಿ, ಕಾವಲು ಬಿಗಿಯಾಯಿತು. ಓಡುವವರು ಪೂರ್ವದ ಬೆಟ್ಟ ಮರುಭೂಮಿಗಳ ಕಡೆ ಹೋದರು, ಸಾವೂ ಅವರ ಜೊತೆ ಅತ್ತ ಹೋಯಿತು. ಫಲಕಗಳು ಒಂದೊಂದಾಗಿ ಕಾಣೆಯಾದವು, ಈಗ ಒಂದೂ ಇಲ್ಲ.

ಜರ್ಮನಿಯ ಆ ಹಳೆಯ ಗಾಡಿಗಳಲ್ಲಿ ಕೆಲವು ಅರ್ಜೆಂಟೀನಾದ ಮೆಂಡೋಸಾ ನಗರಕ್ಕೆ ಹೋದವು ಎಂದು ತಿಳಿದಾಗ ಖುಷಿಯಾಯಿತು. ಮೂವತ್ತು ವರ್ಷ ಮೆಕ್ಸಿಕೋದ ಬಾಗಿಲಲ್ಲಿ ನಿಂತು ವಾಪಸಾಗುತ್ತಿದ್ದ ಗಾಡಿಗಳು ಕೊನೆಗೆ ಹಡಗು ಹತ್ತಿ ದಕ್ಷಿಣಕ್ಕೆ ಹೋದವು, ಸರಕಾಗಿ.

ಅಂದು ನನ್ನ ಪಾಸ್‌ಪೋರ್ಟ್ ಕೋಣೆಯಲ್ಲೇ ಉಳಿದಿತ್ತು. ಗಡಿಯ ಗೇಟಿನವರೆಗೆ ನಡೆದು ಹಿಂದಿರುಗಿದೆ. ಸಂಜೆಯ ತನಕ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಓಡಿ ಬಂದವರೇ ಇರಬೇಕು, ಅಂಗಡಿಯ ಚೀಲಗಳನ್ನು ಹಿಡಿದು ಟ್ರಾಲಿಯಿಂದ ಇಳಿದು ನಿಧಾನಕ್ಕೆ ದಕ್ಷಿಣಕ್ಕೆ ನಡೆದರು. ಪಕ್ಕದ ಯಾರ್ಡಿನಲ್ಲಿ ಕೆಲವು ಟ್ಯಾಂಕರ್ ವ್ಯಾಗನ್ನುಗಳು ರಾತ್ರಿಗಾಗಿ ಕಾಯುತ್ತಿದ್ದವು.