ಹುಲ್ಲಿನ ಬಂಡಿಯ ಮೌನ

ನಿಸರ್ಗಚಿತ್ರವೊಂದನ್ನು ಕಂಡಾಗ ‘ಎಷ್ಟು ಚೆನ್ನಾಗಿದೆ’ ಎಂದು ಮುಂದೆ ಸಾಗಿಬಿಡುವುದು ನಮ್ಮಲ್ಲಿ ಅನೇಕರ ಅಭ್ಯಾಸ. ಜಗಳವಿಲ್ಲ, ಯುದ್ಧವಿಲ್ಲ, ದೇವತೆಗಳಿಲ್ಲ, ನೋಡಲು ಅದರಲ್ಲೇನಿದೆ? ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ದಿ ಹೇ ವೇನ್’ ಎಂಬ ಚಿತ್ರ ಈ ಪ್ರಶ್ನೆಗೆ ಒಳ್ಳೆಯ ಉತ್ತರ. ಹೆಸರಿನ ಅರ್ಥ ಹುಲ್ಲಿನ ಬಂಡಿ. ಬರೆದವನು ಜಾನ್ ಕಾನ್‌ಸ್ಟೆಬಲ್, ವರ್ಷ 1821.

ಇಂಗ್ಲೆಂಡಿನ ಸಫೋಕ್ ಪ್ರಾಂತದ ಸ್ಟೌರ್ ನದಿ. ಆಳವಿಲ್ಲದ ನೀರಿನಲ್ಲಿ ಕುದುರೆಗಳು ಎಳೆಯುವ ಖಾಲಿ ಬಂಡಿಯೊಂದು ನಿಂತಂತಿದೆ. ದಡದಲ್ಲಿ ನಾಯಿ, ಎಡಕ್ಕೆ ವಿಲ್ಲಿ ಲಾಟ್ ಎಂಬ ರೈತನ ಮನೆ. ಮೇಲೆ ಮೋಡ ಕವಿದ ವಿಶಾಲ ಆಕಾಶ. ಚಿತ್ರಕ್ಕೆ ಕಲಾವಿದನೇ ಇಟ್ಟಿದ್ದ ಹೆಸರು ‘ನಿಸರ್ಗದೃಶ್ಯ: ಮಧ್ಯಾಹ್ನ’. ಸುಮಾರು ಆರು ಅಡಿ ಅಗಲದ ಇಂಥ ದೊಡ್ಡ ಬಟ್ಟೆಯನ್ನು ಅಂದಿನ ಕಲಾವಿದರು ಪುರಾಣ, ಇತಿಹಾಸಗಳಿಗೆ ಮೀಸಲಿಡುತ್ತಿದ್ದರು. ಕಾನ್‌ಸ್ಟೆಬಲ್ ಆ ಗೌರವವನ್ನು ಒಂದು ಬಂಡಿಗೆ ಕೊಟ್ಟ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅದನ್ನು ಕೊಳ್ಳುವವರು ಸಿಗಲಿಲ್ಲ. ಆದರೆ 1824ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರಾನ್ಸಿನ ದೊರೆಯಿಂದ ಚಿನ್ನದ ಪದಕ ಬಂತು.

ಆ ಸ್ಥಳ ಕಲಾವಿದನಿಗೆ ಹೊಸದಲ್ಲ. ನದಿಯ ಆ ದಡದಲ್ಲಿದ್ದ ಹಿಟ್ಟಿನ ಗಿರಣಿ ಅವನ ತಂದೆಯದು. ಬಾಲ್ಯದಲ್ಲಿ ಕಂಡ ನೀರು, ಮರ, ಬೆಳಕುಗಳನ್ನು ಅಲ್ಲೇ ಬಿಡಿಬಿಡಿಯಾಗಿ ಬರೆದಿಟ್ಟುಕೊಂಡು, ಲಂಡನ್ನಿನ ಕೋಣೆಯಲ್ಲಿ ಕುಳಿತು ಚಿತ್ರವನ್ನು ಪೂರೈಸಿದ. ಹೀಗಾಗಿ ನಾವು ಕಾಣುವುದು ಒಂದು ಮಧ್ಯಾಹ್ನವನ್ನಷ್ಟೇ ಅಲ್ಲ. ದೂರದಲ್ಲಿ ಕುಳಿತವನ ನೆನಪನ್ನು.

ನೆನಪು ಎಲ್ಲವನ್ನೂ ಹೇಳುವುದಿಲ್ಲ. ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದ ಮೇಲೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಧಾನ್ಯದ ಬೆಲೆ ಕುಸಿಯಿತು, ಕೂಲಿ ಇಳಿಯಿತು, ಕೆಲಸ ಸಿಗದಾಯಿತು. 1816ರಲ್ಲಿ ಒಮ್ಮೆ, 1822ರಲ್ಲಿ ಮತ್ತೊಮ್ಮೆ ದೇಶದ ಪೂರ್ವಭಾಗದ ಕೂಲಿಗಾರರು ದಂಗೆಯೆದ್ದರು. ಒಕ್ಕಣೆ ಯಂತ್ರಗಳನ್ನು ಮುರಿದರು. ಈ ಚಿತ್ರ ಹುಟ್ಟಿದ್ದು ಆ ಎರಡು ಬೆಂಕಿಗಳ ನಡುವೆ. ಅದರ ಸುಳಿವೂ ಇಲ್ಲಿಲ್ಲ. ಗಿರಣಿಯ ಒಡೆಯನ ಮಗನಿಗೆ ಹೊಲ ಶಾಂತವಾಗಿ ಕಾಣುವುದು ಸುಲಭವಾಗಿತ್ತು ಎಂಬ ಟೀಕೆಯಲ್ಲಿ ಹುರುಳಿದೆ.

ಹಾಗೆಂದು ಚಿತ್ರವನ್ನು ಸುಳ್ಳೆನ್ನಬೇಕೇ? ಇನ್ನೊಮ್ಮೆ ನಿಧಾನವಾಗಿ ನೋಡೋಣ. ಬಂಡಿ ಅಲ್ಲಿ ಸುಮ್ಮನೆ ನಿಂತಿಲ್ಲ. ಬೇಸಿಗೆಯಲ್ಲಿ ಒಣಗಿ ಕುಗ್ಗಿದ ಮರದ ಗಾಲಿ ನೀರು ಕುಡಿದು ಉಬ್ಬಿದರೆ ಕಬ್ಬಿಣದ ಪಟ್ಟಿ ಸಡಿಲವಾಗದು. ಅದಕ್ಕೇ ನೀರಿಗಿಳಿಸಿರಬಹುದು ಎನ್ನುವವರಿದ್ದಾರೆ. ಮರದ ಗಾಲಿಯ ಎತ್ತಿನ ಗಾಡಿ ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ಬಳಿ ಹೆಂಗಸೊಬ್ಬಳು ನೀರಿನತ್ತ ಬಾಗಿದ್ದಾಳೆ. ಬಲಗಡೆ ಬಹುದೂರದ ಬಯಲಿನಲ್ಲಿ ಬಿಳಿಯ ಚುಕ್ಕೆಗಳಂತೆ ಕೆಲವರು ಕಾಣುತ್ತಾರೆ. ಅವರು ಹುಲ್ಲು ಕೊಯ್ದು ಬಂಡಿಗೆ ಏರಿಸುತ್ತಿರುವ ಕೂಲಿಗಾರರು.

ಕಲಾವಿದ ಅವರನ್ನು ಅಷ್ಟು ಚಿಕ್ಕದಾಗಿ ಬರೆದ; ಆದರೆ ಬಿಟ್ಟುಬಿಡಲಿಲ್ಲ. ಖಾಲಿ ಬಂಡಿ ಹೊರಟಿರುವುದು ಅವರ ಕಡೆಗೇ.