ಕಾರ್ಖಾನೆಯ ವಿನ್ಯಾಸ ನಕ್ಷೆ: ಅರ್ಜಿದಾರರಿಗೆ ಮಾಹಿತಿ

ಕಾರ್ಖಾನೆ ಕಟ್ಟಡವನ್ನು ನಿರ್ಮಿಸುವ ಅಥವಾ ವಿಸ್ತರಿಸುವ ಮುನ್ನ ನಕ್ಷೆಗೆ ಅನುಮೋದನೆ ಪಡೆಯತಕ್ಕದ್ದು. ಗೋಡೆ ಎದ್ದು, ಯಂತ್ರಗಳು ಸ್ಥಾಪನೆಯಾದ ಮೇಲೆ ಮಾಡುವ ಬದಲಾವಣೆಗೆ ಹಣ ಹಾಗೂ ಕಾಲ ಎರಡೂ ವ್ಯಯವಾಗುತ್ತವೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ನಕ್ಷೆಯ ಹಂತದಲ್ಲಿಯೇ ಪರಿಶೀಲಿಸಿಕೊಳ್ಳುವುದು. ಸಿದ್ಧ ಉಡುಪು ಘಟಕವನ್ನು ಉದಾಹರಣೆಯಾಗಿ ನೀಡಲಾಗಿದೆ.

1. ಸಾಮಗ್ರಿಯ ಚಲನೆ: ಬಟ್ಟೆ ದಾಸ್ತಾನು, ಕತ್ತರಿಸುವಿಕೆ, ಹೊಲಿಗೆ, ತಪಾಸಣೆ, ಇಸ್ತ್ರಿ, ಪ್ಯಾಕಿಂಗ್ ವಿಭಾಗಗಳು ಇದೇ ಅನುಕ್ರಮದಲ್ಲಿರಲಿ. ಸಾಮಗ್ರಿಯು ಬಂದ ದಾರಿಯಲ್ಲಿಯೇ ಹಿಂದಿರುಗುವಂತಿರಬಾರದು. ಎರಡು ಬದಿಗಳಲ್ಲಿ ದ್ವಾರಗಳಿದ್ದಲ್ಲಿ ನೇರ ಸಾಲಿನ ವಿನ್ಯಾಸವೂ, ಒಂದೇ ಬದಿಯಲ್ಲಿದ್ದಲ್ಲಿ ಲಾಳಾಕಾರದ ವಿನ್ಯಾಸವೂ ಅನುಕೂಲಕರ.

2. ಮಧ್ಯಂತರ ದಾಸ್ತಾನು: ಒಂದು ವಿಭಾಗದಿಂದ ಮತ್ತೊಂದಕ್ಕೆ ಹೋಗಬೇಕಾದ ಬಟ್ಟೆಯ ಕಟ್ಟುಗಳಿಗೆ ಪ್ರತ್ಯೇಕ ಸ್ಥಳವನ್ನು ಗುರುತಿಸುವುದು. ಹಾಗೆ ಗುರುತಿಸದಿದ್ದಲ್ಲಿ ಅವು ಓಡಾಟದ ದಾರಿಯನ್ನೇ ಆಕ್ರಮಿಸುತ್ತವೆ.

3. ಕಾರ್ಮಿಕರ ಸ್ಥಳಾವಕಾಶ: ಕಾರ್ಖಾನೆಗಳ ಅಧಿನಿಯಮ, 1948 ಜಾರಿಯಾದ ನಂತರ ನಿರ್ಮಿಸಿದ ಕಾರ್ಖಾನೆಗಳಲ್ಲಿ ಪ್ರತಿ ಕಾರ್ಮಿಕನಿಗೆ ಕನಿಷ್ಠ 14.2 ಘನ ಮೀಟರ್ ಸ್ಥಳವನ್ನು ಸದರಿ ಅಧಿನಿಯಮವು ನಿಗದಿಪಡಿಸಿತ್ತು. ನೆಲದಿಂದ 4.2 ಮೀಟರ್‌ಗಿಂತ ಮೇಲಿನ ಸ್ಥಳವು ಲೆಕ್ಕಕ್ಕೆ ಬರುತ್ತಿರಲಿಲ್ಲ. ಇದರಂತೆ ಒಂದು ಕೊಠಡಿಯಲ್ಲಿ 50 ಕಾರ್ಮಿಕರಿಗೆ 710 ಘನ ಮೀಟರ್ ಬೇಕು. ಛಾವಣಿ 4.2 ಮೀಟರ್ ಅಥವಾ ಅದಕ್ಕಿಂತ ಎತ್ತರವಿದ್ದಲ್ಲಿ ಸುಮಾರು 170 ಚದರ ಮೀಟರ್, 3.5 ಮೀಟರ್ ಇದ್ದಲ್ಲಿ ಸುಮಾರು 203 ಚದರ ಮೀಟರ್ ನೆಲ ಅಗತ್ಯ. ಇದು ಕನಿಷ್ಠ ಪ್ರಮಾಣ. ದಾಸ್ತಾನು ಮತ್ತು ದಾರಿಗಳಿಗೆ ಹೆಚ್ಚುವರಿ ಸ್ಥಳ ಕಾಯ್ದಿರಿಸುವುದು ಸೂಕ್ತ.

4. ಕುಡಿಯುವ ನೀರು: ಸದರಿ ಅಧಿನಿಯಮದಂತೆ ಕುಡಿಯುವ ನೀರಿನ ಸ್ಥಳವು ಶೌಚಾಲಯ ಹಾಗೂ ತೊಳೆಯುವ ಸ್ಥಳದಿಂದ ಸಾಮಾನ್ಯವಾಗಿ 6 ಮೀಟರ್ ದೂರವಿರಬೇಕಾಗಿತ್ತು.

5. ತುರ್ತು ನಿರ್ಗಮನ: ಬಟ್ಟೆಗೆ ಹತ್ತಿದ ಬೆಂಕಿ ಶೀಘ್ರವಾಗಿ ಹರಡುತ್ತದೆ, ಹೊಗೆ ತುಂಬಿದಾಗ ಬಾಗಿಲು ಕಾಣುವುದಿಲ್ಲ. ಆದಕಾರಣ ಪರಸ್ಪರ ದೂರವಿರುವ ಎರಡು ನಿರ್ಗಮನಗಳನ್ನು ಕಲ್ಪಿಸಿ, ಬಾಗಿಲುಗಳು ಹೊರಕ್ಕೆ ತೆರೆಯುವಂತೆ ವಿನ್ಯಾಸಗೊಳಿಸುವುದು. ಪ್ರತಿಯೊಂದು ಆಸನದಿಂದ ಬಾಗಿಲಿನವರೆಗಿನ ದಾರಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ನೋಡುವುದು. ಗೆರೆಗೆ ಯಂತ್ರವಾಗಲಿ ದಾಸ್ತಾನಾಗಲಿ ಅಡ್ಡ ಬಂದಲ್ಲಿ ವಿನ್ಯಾಸವನ್ನು ಬದಲಾಯಿಸತಕ್ಕದ್ದು.

ನಕ್ಷೆಯಲ್ಲಿ ನಿವೇಶನ, ನೆಲವಿನ್ಯಾಸ, ಅಡ್ಡಛೇದ, ಯಂತ್ರಗಳ ಸ್ಥಾನ, ಓಡಾಟದ ದಾರಿ, ಗಾಳಿ ಬೆಳಕಿನ ವ್ಯವಸ್ಥೆ ಹಾಗೂ ನಿರ್ಗಮನಗಳನ್ನು ಅಳತೆಗನುಗುಣವಾಗಿ ನಮೂದಿಸುವುದು.

ವಿಶೇಷ ಸೂಚನೆ: ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025 ರಿಂದ ಜಾರಿಗೆ ಬಂದಿದೆ. ಅರ್ಜಿ ಸಲ್ಲಿಸುವ ದಿನದಂದು ಅನ್ವಯವಾಗುವ ನಿಯಮ ಹಾಗೂ ಅಳತೆಗಳನ್ನು ಸಂಬಂಧಿಸಿದ ಕಾರ್ಖಾನೆಗಳ ಇಲಾಖೆಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.