ಶೇರು ಕೊಂಡು ಕಟ್ಟಿದ ದವಾಖಾನೆ

ಬೆಳಗಾವಿ ಜಿಲ್ಲೆಯ ಕೌಜಲಗಿ, ಕುಲಗೋಡ, ಬೆಟಗೇರಿ ಕಡೆಯ ಹಳೆಯ ಮನೆಗಳಲ್ಲಿ ಯಾರಿಗಾದರೂ ಜಡ್ಡು ಜೋರಾದರೆ ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಎರಡೇ ಊರಿನ ಹೆಸರು ಬರುತ್ತಿತ್ತು. "ಮಿರಜಕ್ಕ ಒಯ್ಯೂನೋ, ಘಟಪ್ರಭಾಕ್ಕ ಒಯ್ಯೂನೋ?" ಮಿರಜ ಎಂದರೆ ವಾನ್ಲೆಸ್ ಸಾಹೇಬರು 1894ರಲ್ಲಿ ಶುರು ಮಾಡಿದ ಮಿಷನ್ ಆಸ್ಪತ್ರೆ. ಅಲ್ಲಿಗೆ ಹೋಗಬೇಕಾದರೆ ರೈಲು ಹತ್ತಬೇಕು, ಕೈಯಲ್ಲಿ ನಾಲ್ಕು ದುಡ್ಡಿರಬೇಕು, ಮರಾಠಿ ಒಂದಿಷ್ಟು ಬರಬೇಕು. ಘಟಪ್ರಭೆಗಾದರೆ ಚಕ್ಕಡಿ ಹೂಡಿಕೊಂಡು ಗೋಕಾಕ ಮುಟ್ಟಿ, ಲೋಳಸೂರಿನ ಹತ್ತಿರ ಹೊಳೆ ದಾಟಿದರೆ ಆಯಿತು. ಬುತ್ತಿ ಕಟ್ಟಿಕೊಂಡು ಹೋದವರು ದವಾಖಾನೆಯ ಗಿಡದ ಕೆಳಗೇ ಒಲೆ ಹೂಡಿ ನಾಲ್ಕು ದಿನ ಕಳೆಯುತ್ತಿದ್ದರು.

ಘಟಪ್ರಭೆಯಂಥ ಒಂದು ಸಣ್ಣ ರೈಲು ನಿಲ್ದಾಣದ ಊರಿನಲ್ಲಿ ಎರಡು ದೊಡ್ಡ ಆಸ್ಪತ್ರೆಗಳು ಬೇರೂರಿದ್ದು ಹೇಗೆ ಎಂಬುದು ಈ ಲೇಖನದ ವಿಷಯ. ಎರಡೂ ಜನರ ದುಡ್ಡಿನಿಂದಲೇ ಎದ್ದವು. ಆದರೆ ಆ ದುಡ್ಡು ಬಂದ ದಾರಿ ಒಂದೇ ಅಲ್ಲ.

ಮೊದಲನೆಯದು ಕರ್ನಾಟಕ ಆರೋಗ್ಯಧಾಮ. ಇಂದಿಗೂ ಜನ ಕೆ.ಎಚ್.ಐ. ಎಂದೇ ಕರೆಯುವ ಈ ಸಂಸ್ಥೆ ಹುಟ್ಟಿದ್ದು 1929ರಲ್ಲಿ, ಡಾ. ಎಂ.ಕೆ. ವೈದ್ಯ ಮತ್ತು ಡಾ. ಕೊಕಟನೂರ ಅವರ ಶ್ರಮದಿಂದ. ಇದರೊಂದಿಗೆ ಕೂಡಿಕೊಂಡ ಇನ್ನೊಂದು ಹೆಸರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ ಅವರದು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯಕೀಯ ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದವರು. ಅಲ್ಲಿದ್ದಾಗಲೇ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿದರು. ತಾಯ್ನಾಡಿಗೆ ಮರಳಿದ ಮೇಲೆ 1923ರ ಡಿಸೆಂಬರ್‌ನಲ್ಲಿ, ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾದಳ ಎಂಬ ಸ್ವಯಂಸೇವಕರ ಪಡೆ ಕಟ್ಟಿದರು. ಮುಂದಿನ ವರ್ಷವೇ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ಬಂತು. ಅಲ್ಲಿ ಸೇವಾದಳದ ಹುಡುಗರು ಕವಾಯತು ಮಾಡಿದ್ದನ್ನು ಎಲ್ಲರೂ ಬರೆಯುತ್ತಾರೆ. ಸಾವಿರಾರು ಜನ ಸೇರಿದ ಆ ಬಿಡಾರದಲ್ಲಿ ಕಕ್ಕಸು ತೊಳೆಯುವುದು, ನೀರು ಕೆಡದಂತೆ ನೋಡಿಕೊಳ್ಳುವುದು, ಕಾಯಿಲೆ ಬಿದ್ದವರನ್ನು ಎತ್ತಿ ಒಯ್ಯುವುದು ಕೂಡ ಸ್ವಯಂಸೇವಕರ ಕೆಲಸವೇ ಆಗಿತ್ತು. ಹೆಣ್ಣುಮಕ್ಕಳ ತಂಡವನ್ನು ಮುನ್ನಡೆಸಿದವರು ಉಮಾಬಾಯಿ ಕುಂದಾಪುರ. ಸಾಂಕ್ರಾಮಿಕ ರೋಗ ತಡೆಯುವ ಪಾಠ ಈ ಭಾಗದ ಜನರಿಗೆ ಅಲ್ಲಿಯೂ ಸಿಕ್ಕಿತು ಎಂದರೆ ತಪ್ಪಾಗಲಾರದು.

ಸೇವಾದಳವನ್ನು ಬ್ರಿಟಿಷ್ ಸರಕಾರ 1932ರಲ್ಲಿ ನಿಷೇಧಿಸಿತು. ಸ್ವಾತಂತ್ರ್ಯದ ನಂತರ ಹರ್ಡೀಕರರು ರಾಜ್ಯಸಭೆಯಲ್ಲಿ ಕೂತರು, 1958ರಲ್ಲಿ ಪದ್ಮಭೂಷಣ ಪಡೆದರು. ಆದರೂ ಬಾಳಿನ ಕೊನೆಯ ಭಾಗವನ್ನು ದಿಲ್ಲಿಗಾಗಲಿ ಹುಬ್ಬಳ್ಳಿಗಾಗಲಿ ಕೊಡದೆ ಘಟಪ್ರಭೆಗೆ ಕೊಟ್ಟರು. ತೀರಿಕೊಂಡದ್ದು 1975ರ ಆಗಸ್ಟ್ 26ರಂದು. ನಮ್ಮ ಕಡೆ ಅವರ ಹೆಸರನ್ನು ಸೇವಾದಳದ ಜೊತೆ ಹೇಳುವಷ್ಟು ದವಾಖಾನೆಯ ಜೊತೆ ಹೇಳುವುದಿಲ್ಲ. ನನಗೇನೋ ಎರಡನೆಯದೇ ದೊಡ್ಡದು ಅನಿಸುತ್ತದೆ.

ಆರೋಗ್ಯಧಾಮದಂಥ ಸಂಸ್ಥೆ ನಡೆಯುವುದು ದೇಣಿಗೆಯ ಮೇಲೆ, ಜೀವ ತೇಯುವ ಒಂದೆರಡು ಜನರ ಮೇಲೆ. ದೇಣಿಗೆ ನಮಗೆ ಹೊಸದಲ್ಲ. ಗುಡಿ ಕಟ್ಟಲು, ಜಾತ್ರೆ ಮಾಡಲು, ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದ ಆಟ ಆಡಿಸಲು ಊರಲ್ಲಿ ಪಟ್ಟಿ ಎತ್ತುವುದು ವಾಡಿಕೆ. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಪಟ್ಟಿ ಕೊಟ್ಟವನು ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಮರುದಿನ ಹೋಗಿ "ಆ ರೊಕ್ಕ ಏನ್ ಮಾಡಿದ್ರಿ?" ಎಂದು ಕೇಳುವ ಹಕ್ಕು ಅವನಿಗಿಲ್ಲ. ಕೇಳಿದರೆ ಸಣ್ಣ ಮನುಷ್ಯನಾಗುತ್ತಾನೆ.

ಶೇರಿನ ಲೆಕ್ಕ ಬೇರೆ. ಅದೇ ಊರಿನಲ್ಲಿ 1950ರ ಹೊತ್ತಿಗೆ ತಲೆಯೆತ್ತಿದ ಜಗದ್ಗುರು ಗುರುಸಿದ್ಧೇಶ್ವರ ಸಹಕಾರಿ ಆಸ್ಪತ್ರೆ, ಅಂದರೆ ಎಲ್ಲರ ಬಾಯಲ್ಲಿರುವ ಜೆ.ಜಿ. ದವಾಖಾನೆ, ಆ ಲೆಕ್ಕದ ಮೇಲೆ ನಿಂತದ್ದು. ಏಷ್ಯಾದಲ್ಲಿಯೇ ಮೊದಲ ಸಹಕಾರಿ ಆಸ್ಪತ್ರೆ ಎಂದು ಅದಕ್ಕೆ ಹೆಸರಿದೆ. ಏಷ್ಯಾಕ್ಕೇ ಮೊದಲು ಎಂಬ ಬಿರುದಿಗೆ ಉತ್ತರ ಕರ್ನಾಟಕದಲ್ಲಿ ಬರವಿಲ್ಲ, ಎಲ್ಲವನ್ನೂ ನಂಬಬೇಕಾಗಿಯೂ ಇಲ್ಲ. ಆದರೆ ಸಹಕಾರದ ಮಾತು ಬಂದಾಗ ನಮ್ಮವರು ಎದೆ ತಟ್ಟಿಕೊಳ್ಳಬಹುದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲೇ ಕೃಷಿ ಪತ್ತಿನ ಸಂಘ ಕಟ್ಟಿದ್ದರು. ಹುಕ್ಕೇರಿಯವರು 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮಾಡಿಕೊಂಡು ತಮ್ಮ ಹಳ್ಳಿಗಳ ಕರೆಂಟನ್ನು ತಾವೇ ಹಂಚತೊಡಗಿದರು. ರಾಜ್ಯದಲ್ಲಿ ಅಂಥ ಸಂಘ ಅದೊಂದೇ. ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯೂ ಸಹಕಾರದ್ದೇ. ಸಾಲಕ್ಕೆ ಸೊಸೈಟಿ ಕಟ್ಟಿ, ಮುಂದೆ ಸಕ್ಕರೆ, ಕರೆಂಟನ್ನೂ ಹಾಗೆಯೇ ನಡೆಸಿದ ಈ ಮಣ್ಣಿನಲ್ಲಿ ದವಾಖಾನೆಯನ್ನೇಕೆ ನಡೆಸಬಾರದು ಎಂಬ ಯೋಚನೆ ಹುಟ್ಟಿದ್ದು ಸಹಜ.

ಸಹಕಾರಿ ಸಂಘದಲ್ಲಿ ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಓಟು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ. ಜಮಾ ಖರ್ಚು ಓದಿ ಹೇಳಬೇಕು, ಎದ್ದು ನಿಂತು ಕೇಳಿದವನಿಗೆ ಚೇರಮನ್ನರು ಉತ್ತರ ಕೊಡಬೇಕು. ರೋಗಿಯಾಗಿ ಕೈಮುಗಿದು ಹೋಗುವ ಜಾಗಕ್ಕೆ ರೈತನೊಬ್ಬ ಮಾಲಕನಾಗಿಯೂ ಹೋಗಬಹುದು. ಆ ಕಾಲದಲ್ಲಿ ಸರಕಾರಿ ವ್ಯವಸ್ಥೆ ಎಷ್ಟಿತ್ತೆಂದು ನೆನೆದರೆ ಈ ಧೈರ್ಯದ ಬೆಲೆ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಕಲ್ಪನೆಯನ್ನು ಭೋರ್ ಸಮಿತಿ ಮುಂದಿಟ್ಟದ್ದು 1946ರಲ್ಲಿ. ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಅವು ಹಳ್ಳಿಗಳಿಗೆ ಬರತೊಡಗಿದ್ದು 1952ರ ನಂತರ. ಬೆಳಗಾವಿಯ ಕೆ.ಎಲ್.ಇ. ವೈದ್ಯಕೀಯ ಕಾಲೇಜು ತೆರೆದದ್ದು 1963ರಲ್ಲಿ. ಆ ಕೇಂದ್ರಗಳೂ ಈ ಕಾಲೇಜೂ ಬರುವ ಮೊದಲೇ ಘಟಪ್ರಭೆಯಲ್ಲಿ ಎರಡು ದವಾಖಾನೆಗಳಿದ್ದವು.

ಹಾಗೆಂದು ಸಹಕಾರಿ ದವಾಖಾನೆಯ ಕಷ್ಟವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಸಕ್ಕರೆ ಕಾರ್ಖಾನೆಯ ಸದಸ್ಯ ಪ್ರತಿ ವರ್ಷ ಕಬ್ಬು ತರುತ್ತಾನೆ. ದವಾಖಾನೆಯ ಸದಸ್ಯ ಏನು ತರಬೇಕು? ಜಡ್ಡಾದರೆ ಮಾತ್ರ ಬರುತ್ತಾನೆ, ಬಂದಾಗ ಅವನ ಕೈಯಲ್ಲಿ ದುಡ್ಡಿರುವುದಿಲ್ಲ. ಕಬ್ಬಿನ ಬಿಲ್ ಆದ ಮೇಲೆ ಕೊಡುತ್ತೇನೆ ಎನ್ನುತ್ತಾನೆ. ಒಮ್ಮೆ ಕೊಂಡ ಶೇರು ಕಟ್ಟಡ ಎಬ್ಬಿಸೀತು, ಆದರೆ ಎಕ್ಸರೇ ಯಂತ್ರವನ್ನು, ನರ್ಸುಗಳ ಪಗಾರವನ್ನು ವರ್ಷ ವರ್ಷವೂ ಹೊರಲಾರದು. ರಾಜ್ಯದ ಅನೇಕ ಆಸ್ಪತ್ರೆಗಳು ಈ ಕಗ್ಗಂಟು ಬಿಡಿಸಿಕೊಳ್ಳಲು ಕಾಲೇಜು ತೆರೆದವು. ಜೆ.ಜಿ. ಸಂಸ್ಥೆಯೂ ಆಯುರ್ವೇದ ಮಹಾವಿದ್ಯಾಲಯ ನಡೆಸುತ್ತಿದೆ. ವಿದ್ಯಾರ್ಥಿಗಳಿದ್ದರೆ ಹಾಸಿಗೆ ತುಂಬಬೇಕು, ಹಾಸಿಗೆ ತುಂಬಬೇಕಾದರೆ ಬಡವರು ಬರಬೇಕು. ಹೀಗೆ ಬಡ ರೋಗಿಗೂ ಒಂದು ಬೆಲೆ ಬರುತ್ತದೆ. ಇದು ಸಹಕಾರದ ಮೂಲ ಕನಸಲ್ಲ. ಆದರೂ ಬಾಗಿಲು ಮುಚ್ಚುವುದಕ್ಕಿಂತ ಮೇಲು.

ಶೇರಿನ ಕನಸು ಬೇರೆ ರೂಪದಲ್ಲಿ ಇಡೀ ರಾಜ್ಯಕ್ಕೆ ಹಬ್ಬಿದ್ದು 2003ರ ಜೂನ್‌ನಲ್ಲಿ. ಡಾ. ದೇವಿ ಶೆಟ್ಟಿ ಅವರ ಸಲಹೆ, ಸಹಕಾರ ಇಲಾಖೆಯ ಬಲ ಎರಡೂ ಕೂಡಿ ಯಶಸ್ವಿನಿ ಯೋಜನೆ ಬಂತು. ಸಹಕಾರಿ ಸಂಘದ ಸದಸ್ಯ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದೇ ರೂಪಾಯಿ ಕಟ್ಟಿದರೆ ದೊಡ್ಡ ಶಸ್ತ್ರಚಿಕಿತ್ಸೆಯ ಖರ್ಚು ನೋಡಿಕೊಳ್ಳುವ ಏರ್ಪಾಡು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೈರಿಯಲ್ಲಿ, ಪತ್ತಿನ ಸಂಘದ ಕಟ್ಟೆಯ ಮೇಲೆ ಕಾರ್ಯದರ್ಶಿ ಪಾವತಿ ಹರಿದು ಕೊಡುತ್ತಿದ್ದ, ಜನ ಅದನ್ನು ಮಡಚಿ ರೇಶನ್ ಕಾರ್ಡಿನೊಳಗೆ ಇಟ್ಟುಕೊಳ್ಳುತ್ತಿದ್ದರು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿ ನಿಲ್ಲಿಸಲಾಯಿತು. ಸಹಕಾರಿಗಳು ಗದ್ದಲ ಮಾಡಿದ ಮೇಲೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಈ ಸಲ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಕಂತು, ಐದು ಲಕ್ಷದವರೆಗೆ ಚಿಕಿತ್ಸೆ. ನಿಲ್ಲಿಸಿದ್ದು ಸರಕಾರದ ಅವಸರ ಎಂಬುದು ನನ್ನ ಅಭಿಪ್ರಾಯ. ತನ್ನ ಕೈಯಿಂದ ಕಟ್ಟಿದ ಐವತ್ತು, ನೂರು ರೂಪಾಯಿಗೆ ರೈತ ಕೊಡುವ ಮರ್ಯಾದೆಯನ್ನು ಪುಕ್ಕಟೆ ಕಾರ್ಡಿಗೆ ಕೊಡುವುದಿಲ್ಲ.

ಇಷ್ಟಾದರೂ ಯಶಸ್ವಿನಿ ಕಾರ್ಡು ಆಪರೇಶನ್ನಿನ ಖರ್ಚು ಕೊಡುತ್ತದೆಯೇ ಹೊರತು ಬಸ್ಸಿನ ಚಾರ್ಜು ಕೊಡುವುದಿಲ್ಲ. ಜೊತೆಗೆ ಬಂದ ಮಗನ ಕೂಲಿ ಹೋದದ್ದಕ್ಕೆ ಪರಿಹಾರವಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗೆ ತಿಂಗಳು ತಿಂಗಳು ಆಗುವ ಖರ್ಚನ್ನೂ ಅದು ಮುಟ್ಟುವುದಿಲ್ಲ. 2008ರಿಂದ 108 ಗಾಡಿ ಬಂದಿದೆ, ನಿಜ. ಆದರೆ ಕಾರ್ಖಾನೆ ಸೀಸನ್ನಿನಲ್ಲಿ ನಮ್ಮ ರಸ್ತೆಯ ಮೇಲೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕ ಅಂಬುಲೆನ್ಸಿನ ಸೈರನ್ ಕೇಳಿದವರಿಗೆ ಗೊತ್ತು: ಮುಂದೆ ಹಾಡು ಹಚ್ಚಿಕೊಂಡ ಡ್ರೈವರಿಗೆ ಅದು ಕೇಳುವುದೇ ಇಲ್ಲ. ಮಳೆಗಾಲದ್ದು ಇನ್ನೊಂದು ಕಥೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ಹೊಳೆಗಳೆರಡೂ ಉಕ್ಕಿ ಗೋಕಾಕ ಪೇಟೆಗೇ ನೀರು ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಹೊಳೆಯ ಈಚೆ, ಕೌಜಲಗಿ ಕಡೆ ಇದ್ದ ನಮಗೆ ಅಷ್ಟು ದಿನ ಘಟಪ್ರಭೆಯ ದವಾಖಾನೆಗಳು ಇದ್ದೂ ಇಲ್ಲದಂತೆ.

ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬ ಸರಕಾರಿ ಅಳತೆ ಕಾಗದದ ಮೇಲೆ ಚೆನ್ನಾಗಿದೆ. ಆ ಅಳತೆ ತಲೆ ಎಣಿಸುತ್ತದೆ, ಹೊಳೆ ಎಣಿಸುವುದಿಲ್ಲ. ಮೂಡಲಗಿ ತಾಲೂಕಾದ ಮೇಲೆ ಕಚೇರಿಗಳು ಹತ್ತಿರ ಬಂದಿವೆ. ಆದರೆ ಬಾಣಂತಿಗೆ ನಡುರಾತ್ರಿ ರಕ್ತ ಬೇಕಾದಾಗ ಕಚೇರಿಯಿಂದ ಉಪಯೋಗವಿಲ್ಲ. ಕೌಜಲಗಿ ಭಾಗಕ್ಕೆ ಬೇಕಾಗಿರುವುದು ಹೊಳೆ ದಾಟದೆ ಸಿಗುವ ಹೆರಿಗೆ, ಸಿಜೇರಿಯನ್ ಮತ್ತು ರಕ್ತದ ವ್ಯವಸ್ಥೆ. ಆಶಾ ಕಾರ್ಯಕರ್ತೆಯರು ಬಸುರಿ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು, ತಾವೇ ಜೊತೆಗೆ ಗಾಡಿ ಹತ್ತಿ ದವಾಖಾನೆ ಮುಟ್ಟಿಸುತ್ತಾರೆ. ಅವರು ಮುಟ್ಟಿಸುವ ಜಾಗ ಹತ್ತಿರವಿರಬೇಕು, ಅಷ್ಟೇ.

ಈ ಲೇಖನ ಓದುವವರಲ್ಲಿ ಬಹಳ ಜನ ಒಂದಲ್ಲ ಒಂದು ಸೊಸೈಟಿಯ ಸದಸ್ಯರು. ಬರುವ ಸರ್ವಸಾಧಾರಣ ಸಭೆಯಲ್ಲಿ ಲಾಭಾಂಶದ ಮಾತು ಮುಗಿದ ಮೇಲೆ ಎದ್ದು ಎರಡು ಪ್ರಶ್ನೆ ಕೇಳಿ: ನಮ್ಮ ಸಂಘದ ಎಷ್ಟು ಸದಸ್ಯರು ಯಶಸ್ವಿನಿ ಕಂತು ಕಟ್ಟಿದ್ದಾರೆ? ಕಟ್ಟದವರ ಹೆಸರು ಯಾರ ಹತ್ತಿರ ಇದೆ? ಮತ್ತು ಅಜ್ಜ, ಮುತ್ತ್ಯಾ ಅವರ ಟ್ರಂಕಿನಲ್ಲಿ ಘಟಪ್ರಭೆಯ ದವಾಖಾನೆಯ ಹಳೆಯ ಶೇರು ಪತ್ರವೋ ಪಾವತಿಯೋ ಇದ್ದರೆ ಗೆದ್ದಲಿಗೆ ಬಿಡಬೇಡಿ. ಅದರದೊಂದು ಝೆರಾಕ್ಸ್ ತೆಗೆಸಿ ಆಸ್ಪತ್ರೆಯ ಕಚೇರಿಗೆ ಮುಟ್ಟಿಸಿ.